ಬೇಸಿಗೆಯ ನೆರಳು ಹಾಗೂ ನಾಲ್ಕು ಗಂಟೆಯ ಜಗಳ ಕುರಿತು

ಕ್ರಿಯೊಸೋಟ್ ಬಯಲು ಮೋಟಾರುಮನೆ ತಂಗುದಾಣ
ಆಡಳಿತ ಕಚೇರಿ (ಬೇಸಿಗೆ ವಿಭಾಗ), ಪಶ್ಚಿಮ ಅರಿಝೋನಾ

ಸಂಖ್ಯೆ: ಕ್ರಿಬ/ಬೇವಿ/ತಂಪು/17
ದಿನಾಂಕ: 2ನೇ ಆಗಸ್ಟ್

ಸುತ್ತೋಲೆ

ವಿಷಯ: ಬೇಸಿಗೆಯಲ್ಲಿ ಮೋಟಾರುಮನೆಗಳನ್ನು ತಂಪಾಗಿಟ್ಟುಕೊಳ್ಳುವ ಬಗ್ಗೆ, ತಂಗುದಾಣದಲ್ಲಿರುವ ಒಂದೇ ಮರದ ನೆರಳಿನ ಬಗ್ಗೆ, ಹಾಗೂ ಜುಲೈ 18ರಂದು ಉಂಟಾದ ಜಗಳದ ಅಭಾವದ ಬಗ್ಗೆ.

ಉಲ್ಲೇಖ:
(1) 9ನೇ ನಿವೇಶನದ ಶ್ರೀ ಡೆಲ್ಮರ್ ಕ್ವಿಗ್ಲಿ ಅವರ ದೂರು ಅರ್ಜಿಗಳು (ಒಟ್ಟು 41).
(2) ಸದರಿ ಅರ್ಜಿಗಳಿಗೆ 10ನೇ ನಿವೇಶನದ ಶ್ರೀಮತಿ ಎಲೋಯಿಸಾ ಉರಿಯಾಸ್ ಅವರ ಉತ್ತರ (ಒಂದು, ಕಾಗದದ ತಟ್ಟೆಯ ಹಿಂಬದಿಯಲ್ಲಿ ಬರೆದದ್ದು).
(3) ಇದೇ ವಿಷಯದ ಮೇಲೆ ಈ ಕಚೇರಿಯ ಹಿಂದಿನ ಹದಿನಾರು ಸುತ್ತೋಲೆಗಳು (ಯಾರೂ ಓದಿದ ದಾಖಲೆ ಇರುವುದಿಲ್ಲ).

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಿಳಿಸುವುದೇನೆಂದರೆ, ಈ ತಂಗುದಾಣದಲ್ಲಿ ಚಳಿಗಾಲದಲ್ಲಿ 212 ಮೋಟಾರುಮನೆಗಳು (ಒಳಗೇ ವಾಸಿಸಬಹುದಾದ ಗಾಡಿಗಳು) ನಿಂತಿರುತ್ತವೆ. ಏಪ್ರಿಲ್ ಬಂದೊಡನೆ ಬುದ್ಧಿಯುಳ್ಳ 198 ಮನೆಗಳವರು ಎಂಜಿನ್ ಚಾಲೂ ಮಾಡಿ ಉತ್ತರದ ಕಡೆಗೆ ಹೊರಟುಹೋಗುತ್ತಾರೆ. ಹೋಗದೆ ಉಳಿಯುವ 14 ಮನೆಗಳವರನ್ನು ಈ ಸುತ್ತೋಲೆಯಲ್ಲಿ ‘ವಾಸಿಗಳು’ ಎಂದು ಕರೆಯಲಾಗಿದೆ. ಉಳಿದದ್ದೇಕೆ ಎಂದು ಇವರನ್ನು ಕೇಳಲಾಗಿದ್ದು, ಬಂದ ಉತ್ತರಗಳಲ್ಲಿ (“ಎಲ್ಲಿಗೆ ಅಂತ ಹೋಗೋದು?”, “ಗಾಡಿ ಸ್ಟಾರ್ಟ್ ಆಗಲ್ಲ”, “ನಂಗೇನೂ ಸೆಕೆ ಆಗ್ತಾ ಇಲ್ವಲ್ಲ”) ಯಾವುದೂ ಸಮಾಧಾನಕರವಾಗಿಲ್ಲ. ಆದಾಗ್ಯೂ ಅವರು ಬೇಯದಂತೆ ನೋಡಿಕೊಳ್ಳುವುದು ಈ ಕಚೇರಿಯ ಕರ್ತವ್ಯವಾಗಿರುವುದರಿಂದ, ಈ ಕೆಳಕಂಡಂತೆ ಸೂಚಿಸಲಾಗಿದೆ.

1. ಮುಖ. ಪ್ರತಿ ಮೋಟಾರುಮನೆಯ ಮುಂಗಾಜು ಉತ್ತರಕ್ಕೆ ಮುಖಮಾಡಿರತಕ್ಕದ್ದು. ಫ್ರಿಜ್ ಇರುವ ಗೋಡೆಯನ್ನು ಪಡುವಣ ಬಿಸಿಲಿಗೆ ಒಡ್ಡಿದಲ್ಲಿ ಫ್ರಿಜ್ಜು ಒಲೆಯ ಕೆಲಸ ಮಾಡತೊಡಗುತ್ತದೆ. 13 ವಾಸಿಗಳು ಇದನ್ನು ಪಾಲಿಸಿದ್ದಾರೆ. ಶ್ರೀ ಕ್ವಿಗ್ಲಿ ಅವರ ಮನೆ ಮಾತ್ರ ಆರು ವರ್ಷಗಳಿಂದ ಪಶ್ಚಿಮಕ್ಕೆ ಎದೆಗೊಟ್ಟು ನಿಂತಿತ್ತು. ಎಪ್ಪತ್ತೊಂಬತ್ತು ವರ್ಷ ವಯಸ್ಸಿನ ಸದರಿಯವರು ಮೂವತ್ತೊಂದು ವರ್ಷ ಹೆಪ್ಪುಗಟ್ಟಿಸಿದ ಬಟಾಣಿ ಸಾಗಿಸಿದ ಲಾರಿ ಚಾಲಕರು. ಕಚೇರಿಯ ಸೂಚನೆಗೆ ಅವರು ಕೊಟ್ಟ ಉತ್ತರವನ್ನು ಯಥಾವತ್ತಾಗಿ ದಾಖಲಿಸಲಾಗಿದೆ: “ಇಪ್ಪತ್ತು ಟನ್ ಬಟಾಣಿ ಹೇರ್ಕೊಂಡು ನಡು ಬೇಸಿಗೇಲಿ ಟೆಕ್ಸಾಸ್ ದಾಟಿಸಿದೀನಿ. ಒಂದು ಕಾಳು ಮೆತ್ತಗಾಗಿಲ್ಲ. ತಂಪು ಅಂದ್ರೇನು ಅಂತ ನೀನು ನಂಗೆ ಹೇಳ್ಕೊಡ್ತೀಯೇನಯ್ಯಾ?”

2. ಬೆಳ್ಳಿ ಹಾಳೆ. ಕಿಟಕಿಗಳಿಗೆ ಒಳಗಿನಿಂದ ಮಿರುಗುವ ಹಾಳೆ ಅಂಟಿಸತಕ್ಕದ್ದು. ಚಾವಣಿಯ ಗವಾಕ್ಷಿಗೆ ದಿಂಬು ತುರುಕತಕ್ಕದ್ದು. ತಲೆಯಡಿಗೆ ಇಡುವ ದಿಂಬನ್ನೇ ಗವಾಕ್ಷಿಗೂ ತುರುಕಿ ರಾತ್ರಿ ಕುತ್ತಿಗೆ ನೋವೆಂದು ಕಚೇರಿಗೆ ದೂರಬಾರದು. ಶ್ರೀ ಕ್ವಿಗ್ಲಿ ಅವರು ಕಿಟಕಿ, ಮುಂಗಾಜು, ಬಾಗಿಲಿನ ಪುಟ್ಟ ಗಾಜು ಯಾವುದನ್ನೂ ಬಿಡದೆ ಹಾಳೆ ಅಂಟಿಸಿದ್ದು, ಶಾಲೆಯ ಅಡುಗೆಮನೆಯಲ್ಲಿ ಇಡೀ ಆಯುಸ್ಸು ಕಳೆದ ಶ್ರೀಮತಿ ಉರಿಯಾಸ್ ಅವರು ಅದನ್ನು ನೋಡಿ, “ಓವನ್ನಿಗೆ ಇಡೋಕೆ ಸುತ್ತಿಟ್ಟ ಆಲೂಗಡ್ಡೆ ಥರ ಕಾಣ್ತೀಯ ಕಣಯ್ಯಾ” ಎಂದಿರುತ್ತಾರೆ. ಈ ಮಾತನ್ನು ಅಂದು ಕಚೇರಿಯು ನಿಂದನೆ ಎಂದು ಪರಿಗಣಿಸಿತ್ತು. ಈಗ ಎಚ್ಚರಿಕೆ ಎಂದು ತಿದ್ದಿಕೊಳ್ಳಲಾಗಿದೆ.

3. ನಲ್ಲಿಗಳು. ಜೂನ್ ಒಂದರಿಂದ ಸೆಪ್ಟೆಂಬರ್ ಮೂವತ್ತರವರೆಗೆ ತಣ್ಣೀರಿನ ನಲ್ಲಿಯಲ್ಲಿ ಕುದಿನೀರು ಬರುತ್ತದೆ, ಏಕೆಂದರೆ ಕೊಳವೆಗಳು ಬಿಸಿಲಲ್ಲಿ ಮಲಗಿವೆ. ನೀರು ಕಾಯಿಸುವ ಯಂತ್ರವನ್ನು ಆರಿಸಿಟ್ಟಲ್ಲಿ ಅದರ ತೊಟ್ಟಿಯಲ್ಲಿ ನಿಂತ ನೀರು ಅಷ್ಟಿಷ್ಟು ತಣ್ಣಗಾಗಿ, ಬಿಸಿನೀರಿನ ನಲ್ಲಿಯಲ್ಲಿ ತಣ್ಣೀರು ಬರುತ್ತದೆ. ಆದ್ದರಿಂದ ಈ ಅವಧಿಯಲ್ಲಿ ಕೆಂಪು ಗುರುತನ್ನು ನೀಲಿ ಎಂದೂ ನೀಲಿಯನ್ನು ಕೆಂಪು ಎಂದೂ ಓದಿಕೊಳ್ಳತಕ್ಕದ್ದು. ಬಂದ ನೆಂಟರಿಗೆ ಇದನ್ನು ಸ್ನಾನಕ್ಕೆ ಮುಂಚೆ ತಿಳಿಸತಕ್ಕದ್ದು, ಸ್ನಾನದ ನಂತರ ಅಲ್ಲ.

4. ವಿದ್ಯುತ್. ಮಧ್ಯಾಹ್ನ ಮೂರರಿಂದ ಆರರವರೆಗೆ ಹದಿನಾಲ್ಕೂ ಮನೆಗಳ ಎಸಿ ಒಟ್ಟಿಗೆ ನಡೆಯುವುದರಿಂದ ಆ ಹೊತ್ತಿನಲ್ಲಿ ಓವನ್, ಇಸ್ತ್ರಿಪೆಟ್ಟಿಗೆ, ಕೂದಲು ಒಣಗಿಸುವ ಯಂತ್ರ ಬಳಸುವಂತಿಲ್ಲ. ಕೂದಲನ್ನು ಬಾಗಿಲಾಚೆ ಹಿಡಿದರೆ ಸಾಕು. ಅಡುಗೆಯನ್ನು ಬೆಳಗಿನ ಆರರೊಳಗೆ ಹೊರಗಡೆಯೇ ಮುಗಿಸತಕ್ಕದ್ದು. ಶ್ರೀಮತಿ ಉರಿಯಾಸ್ ಅವರು ಆ ಹೊತ್ತಿಗೆ ಬೇಯಿಸುವ ಬೀನ್ಸ್ ಕಾಳಿನ ವಾಸನೆ ಕಚೇರಿಯವರೆಗೆ ಬರುವುದನ್ನು ನಿಯಮಭಂಗ ಎಂದು ಪರಿಗಣಿಸಲಾಗುವುದಿಲ್ಲ; ಆಹ್ವಾನ ಎಂದು ಪರಿಗಣಿಸಲಾಗುವುದು.

5. ನೆರಳು. 9 ಮತ್ತು 10ನೇ ನಿವೇಶನಗಳ ನಡುವಿನ ಗಡಿಗೆರೆಯ ಮೇಲೆ ಒಂದು ಮೆಸ್ಕೀಟ್ ಜಾಲಿ ಮರವಿದೆ. ಇಡೀ ತಂಗುದಾಣದಲ್ಲಿ ಮರವೆಂದು ಕರೆಯಬಹುದಾದದ್ದು ಅದೊಂದೇ. ಬೆಳಿಗ್ಗೆ ಅದರ ನೆರಳು ಶ್ರೀ ಕ್ವಿಗ್ಲಿ ಅವರ ಕಡೆಗೂ ಮಧ್ಯಾಹ್ನದ ನಂತರ ಶ್ರೀಮತಿ ಉರಿಯಾಸ್ ಅವರ ಕಡೆಗೂ ಬೀಳುತ್ತದೆ. ತಮ್ಮ ನೆರಳನ್ನು ಪ್ರತಿದಿನ ಕದಿಯಲಾಗುತ್ತಿದೆ ಎಂಬುದು ಉಲ್ಲೇಖ (1)ರ ಸಾರಾಂಶ. ಸೂರ್ಯನ ಚಲನೆ ಈ ಕಚೇರಿಯ ವ್ಯಾಪ್ತಿಗೆ ಬರುವುದಿಲ್ಲ ಎಂದು ಹಿಂಬರಹ ನೀಡಿದರೂ ಶ್ರೀ ಕ್ವಿಗ್ಲಿ ಅವರು ತೃಪ್ತರಾಗದೆ, ಪ್ರತಿದಿನ ಸರಿಯಾಗಿ ನಾಲ್ಕು ಗಂಟೆಗೆ ತಲೆಯ ಮೇಲೆ ಒದ್ದೆ ಟವೆಲು ಹೊದ್ದು ಗಡಿಗೆರೆಗೆ ಬಂದು ನಿಲ್ಲುತ್ತಿದ್ದರು. ಮಾದರಿಗಾಗಿ ಒಂದು ದಿನದ ಕಲಾಪ:

“ಹತ್ತು ಗಂಟೆಗೆ ನನ್ನ ಹತ್ರಾನೇ ಇತ್ತು. ಈಗೆಲ್ಲಿ?”

“ನಿನ್ನ ಮುಖ ನೋಡಿ ಬೇಜಾರಾಗಿ ಎದ್ದು ಬಂತು.”

“ನಿನ್ನ ಮನೆ ಎರಡಡಿ ಆ ಕಡೆ ಸರಿಸಿದ್ರೆ ನಂಗೂ ಒಂಚೂರು ಬೀಳತ್ತೆ.”

“ನೀನು ಎರಡು ಸಾವಿರ ಮೈಲಿ ಆ ಕಡೆ ಸರಿ, ಅಲಾಸ್ಕಾ ಸಿಗತ್ತೆ. ಅಲ್ಲಿ ಪೂರ್ತಿ ನೆರಳೇ.”

ಇದು ದಿನಂಪ್ರತಿ ಹನ್ನೆರಡು ನಿಮಿಷ ನಡೆಯುತ್ತಿತ್ತು. ಆರು ವರ್ಷಗಳಲ್ಲಿ ಒಂದು ದಿನವೂ ರಜೆ ಇರಲಿಲ್ಲ.

6. ಜುಲೈ 18ರ ವಿದ್ಯಮಾನ. ಅಂದು ಶಾಖ 118 ಡಿಗ್ರಿ (ಅಂದರೆ ಸೆಲ್ಸಿಯಸ್ 48). ಮಧ್ಯಾಹ್ನ ಎರಡು ಗಂಟೆಗೆ ಮುಖ್ಯ ತಂತಿಯ ಪೆಟ್ಟಿಗೆ ಸುಟ್ಟು ವಿದ್ಯುತ್ ಹೋಯಿತು. ಸಂಜೆಯೊಳಗೆ ಬರುವುದಿಲ್ಲವೆಂದು ತಿಳಿಯಿತು. ವಾಸಿಗಳು ಬಾಗಿಲುಗಳನ್ನು ತೆರೆದಿಟ್ಟು ಅಲ್ಲಲ್ಲಿ ಇರುವಷ್ಟು ನೆರಳಿನಲ್ಲಿ ಕುಳಿತರು. ಶ್ರೀಮತಿ ಉರಿಯಾಸ್ ಅವರು ಮರದಡಿಯ ತಮ್ಮ ಕುರ್ಚಿಯಲ್ಲಿ, ಆ ದಿನಕ್ಕೆ ಬೇಕಾದ ಉತ್ತರ ಸಿದ್ಧಪಡಿಸಿಕೊಂಡು ಕಾಯುತ್ತಿದ್ದರು. ನಾಲ್ಕಾಯಿತು. ಯಾರೂ ಬರಲಿಲ್ಲ. ಅವರ ಹೇಳಿಕೆ:

“ಮೊದ್ಲು ಖುಷಿ ಆಯ್ತು, ಸುಳ್ಳು ಯಾಕೆ ಹೇಳ್ಲಿ. ಒಂದಿನ ಆದ್ರೂ ನೆಮ್ಮದಿ ಅಂದ್ಕೊಂಡೆ. ಐದು ನಿಮಿಷ ಆಯ್ತು. ಹತ್ತಾಯ್ತು. ಆಮೇಲೆ ಆ ನೆಮ್ಮದಿ ನಂಗೆ ಸರಿಹೋಗ್ಲಿಲ್ಲ.”

ಸದರಿಯವರು ಎದ್ದುಹೋಗಿ 9ನೇ ಮನೆಯ ಬಾಗಿಲು ಬಡಿದರು. ಹಿಡಿಕೆ ಮುಟ್ಟಿದ ಅಂಗೈ ಚುರ್ರೆಂದಿತು. ಒಳಗೆ ಇಣುಕಲು ಎಲ್ಲಿಯೂ ಜಾಗವಿರಲಿಲ್ಲ. ಎಲ್ಲೆಲ್ಲೂ ಬೆಳ್ಳಿ ಹಾಳೆ, ಅದರಲ್ಲಿ ತಮ್ಮದೇ ಮುಖ. “ಡೆಲ್ಮರ್, ಮರ ಕಡಿಸ್ತಾ ಇದೀನಿ ಕಣೋ! ಬುಡಸಮೇತ! ಬಾ ಹೊರಗೆ!” ಎಂದು ಕೂಗಿದರು. ಅದಕ್ಕೂ ಉತ್ತರ ಬರಲಿಲ್ಲ. ಆಗ ಅವರಿಗೆ ಭಯವಾಯಿತು.

ಆ ಸಮಯದಲ್ಲಿ ಕೆಳಗೆ ಸಹಿ ಮಾಡಿರುವ ಅಧಿಕಾರಿಯು ಕಚೇರಿಯಲ್ಲಿ ಎರಡೂ ಪಾದಗಳನ್ನು ಬಕೆಟ್ಟಿನಲ್ಲಿಟ್ಟುಕೊಂಡು ಕಡತ ಪರಿಶೀಲನೆಯಲ್ಲಿ ನಿರತರಾಗಿದ್ದರು. ಕಣ್ಣು ಮುಚ್ಚಿತ್ತು ಎಂಬ ಆರೋಪವನ್ನು ನಿರಾಕರಿಸಲಾಗಿದೆ. “ಲೈಲ್, ಏಳು. ಆ ಮುದುಕ ಜಗಳಕ್ಕೆ ಬಂದಿಲ್ಲ” ಎಂದು ಶ್ರೀಮತಿ ಉರಿಯಾಸ್ ಅವರು ವರದಿ ಮಾಡಿದರು. ವಾಸಿಯ ಅನುಮತಿಯಿಲ್ಲದೆ ಮನೆ ಪ್ರವೇಶಿಸಲು ನಮೂನೆ 6 ಭರ್ತಿ ಮಾಡಬೇಕಾದ್ದರಿಂದ ಅಧಿಕಾರಿಯು ಪೆನ್ನು ಹುಡುಕತೊಡಗಿದರು. ಪೆನ್ನು ಸಿಕ್ಕು ಹೊರಗೆ ಬರುವಷ್ಟರಲ್ಲಿ ಶ್ರೀಮತಿ ಉರಿಯಾಸ್ ಅವರು ತಮ್ಮ ಎರಕದ ಬಾಣಲೆಯಿಂದ ಬಾಗಿಲಿನ ಗಾಜು ಒಡೆದು, ಒಳಗೆ ಕೈಹಾಕಿ ಚಿಲಕ ತೆಗೆದಿದ್ದರು.

ಒಳಗೆ 126 ಡಿಗ್ರಿ (ಸೆಲ್ಸಿಯಸ್ 52) ಇತ್ತು. ಶ್ರೀ ಕ್ವಿಗ್ಲಿ ಅವರು ಕತ್ತಲಲ್ಲಿ, ತೆರೆದ ಫ್ರಿಜ್ಜಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕುಳಿತಿದ್ದರು. ಮೈ ಕೆಂಪಗೆ ಕಾದಿತ್ತು. ಒಂದು ಹನಿ ಬೆವರಿರಲಿಲ್ಲ. ಬಂದವರು ಯಾರೆಂದು ಅವರಿಗೆ ತಿಳಿಯಲಿಲ್ಲ. “ಬಾಗ್ಲು ಹಾಕ್ರೋ, ಸರಕು ಹಾಳಾಗತ್ತೆ… ಎಲ್ ಪಾಸೋ ಊರಿಗೆ ಇನ್ನೂ ಎಷ್ಟು ದೂರ?” ಎಂದು ಕೇಳಿದರು. “ಬಂತು ಕಣಯ್ಯಾ, ಬಂದೇ ಬಿಟ್ವಿ” ಎಂದು ಶ್ರೀಮತಿ ಉರಿಯಾಸ್ ಅವರು ಹೇಳಿದ್ದನ್ನು ಅಧಿಕಾರಿಯು ಸ್ವತಃ ಕೇಳಿರುತ್ತಾರೆ. ಅಷ್ಟು ಮೆತ್ತಗೆ ಅವರು ಮಾತನಾಡಿದ್ದು ಆರು ವರ್ಷಗಳಲ್ಲಿ ಅದೇ ಮೊದಲು.

ಆಂಬ್ಯುಲೆನ್ಸ್ ಬರಲು ಐವತ್ತು ನಿಮಿಷ ಬೇಕೆಂದು ತುರ್ತು ಸಹಾಯದ ಫೋನಿನಲ್ಲಿದ್ದ ಹೆಂಗಸು ತಿಳಿಸಿ, ಅಲ್ಲಿಯವರೆಗೆ ಮೈಯನ್ನು ಒದ್ದೆಯಾಗಿಡಿ, ಗಾಳಿ ಬೀಸುತ್ತಿರಿ, ಕಂಕುಳಿಗೆ ಐಸು ಇಡಿ ಎಂದರು. ವೃದ್ಧರನ್ನು ಮಡಿಸುವ ಮೇಜಿನ ಮೇಲೆ ಮಲಗಿಸಿ ಮರದಡಿಗೆ ತರಲಾಯಿತು. ಉಳಿದ ಮನೆಗಳವರೆಲ್ಲ ತಮ್ಮ ಕೆಂಪು ಗುರುತಿನ ನಲ್ಲಿಗಳಿಂದ ನೀರು ಹಿಡಿದು, ಪಾತ್ರೆ, ಬಕೆಟ್ಟು, ನಾಯಿಯ ಬಟ್ಟಲು, ಸಿಕ್ಕಿದ್ದರಲ್ಲಿ ಹೊತ್ತು ತಂದರು. ಐಸು ಯಾರ ಬಳಿಯೂ ಉಳಿದಿರಲಿಲ್ಲ. ಶ್ರೀಮತಿ ಉರಿಯಾಸ್ ಅವರ ಫ್ರೀಜರಿನ ತಳದಲ್ಲಿ ಬಟಾಣಿಯ ಎರಡು ಪೊಟ್ಟಣಗಳು ಮಾತ್ರ ಗಟ್ಟಿಯಾಗಿದ್ದವು. ಅವನ್ನು ಕಂಕುಳಿಗೆ ಇಡಲಾಯಿತು. ಬೀಸಣಿಗೆ ಇಲ್ಲದ್ದರಿಂದ ಉಲ್ಲೇಖ (1)ರ ನಲವತ್ತೊಂದು ಅರ್ಜಿಗಳ ಕಡತವನ್ನು ಬೀಸಲು ಬಳಸಲಾಯಿತು. ಸದರಿ ಅರ್ಜಿಗಳ ಮೇಲೆ ಈ ಕಚೇರಿ ಕೈಗೊಂಡ ಮೊದಲ ಕ್ರಮ ಇದು.

ನೆರಳು ಸರಿಯುತ್ತಿದ್ದುದರಿಂದ ಮೇಜನ್ನೂ ಅದರ ಹಿಂದೆ ಹಿಂದೆ ಐದು ಬಾರಿ ಸರಿಸಬೇಕಾಯಿತು. ಐದನೆಯ ಬಾರಿಗೆ ಅದು ಶ್ರೀಮತಿ ಉರಿಯಾಸ್ ಅವರ ಹೂಕುಂಡಗಳನ್ನು ಉರುಳಿಸಿಕೊಂಡು ಅವರ ಮೆಟ್ಟಿಲಿಗೇ ತಾಗಿ ನಿಂತಿತು. ಐದು ಗಂಟೆಗೆ ಎರಡು ನಿಮಿಷವಿರುವಾಗ ಶ್ರೀ ಕ್ವಿಗ್ಲಿ ಅವರು ಕಣ್ಣು ತೆರೆದರು. ಮೊದಲು ಮೇಲಿನ ಎಲೆಗಳನ್ನು ನೋಡಿದರು. ನಂತರ ಕಂಕುಳಲ್ಲಿದ್ದ ಬಟಾಣಿ ಪೊಟ್ಟಣವನ್ನು ತಡವಿದರು.

“ಮೆತ್ತಗಾಗಿದೆ,” ಎಂದರು. “ಯಾರ ಲಾರೀದಿದು?”

ಅವರು ನಿಧಾನವಾಗಿ ಸುತ್ತ ಕಣ್ಣಾಡಿಸಿ, ತಾವು ಮಲಗಿರುವುದು ಹತ್ತನೇ ನಿವೇಶನದಲ್ಲಿ ಎಂದು ಗುರುತಿಸಿದರು.

“ನೋಡಿದ್ರಾ? ನಾನು ಹೇಳಿರ್ಲಿಲ್ವಾ? ನೆರಳೆಲ್ಲಾ ಇಲ್ಲೇ ಬಚ್ಚಿಟ್ಕೊಂಡಿದಾಳೆ.”

“ಹೂಂ, ಬಚ್ಚಿಟ್ಕೊಂಡಿದೀನಿ. ಈಗ ಬಾಯ್ಮುಚ್ಕೊಂಡು ಒಂದು ಗುಟುಕು ನೀರು ಕುಡಿ.”

ಆಗ ಶ್ರೀಮತಿ ಉರಿಯಾಸ್ ಅವರ ಕೆನ್ನೆಯ ಮೇಲೆ ಕಂಡುಬಂದದ್ದನ್ನು ಬೆವರು ಎಂದು ದಾಖಲಿಸುವಂತೆ ಅವರು ಕೋರಿದ್ದು, ಅದರಂತೆ ದಾಖಲಿಸಲಾಗಿದೆ.

7. ಜುಲೈ 23ರ ನಂತರ. ಶ್ರೀ ಕ್ವಿಗ್ಲಿ ಅವರು ಐದು ದಿನ ಆಸ್ಪತ್ರೆಯಲ್ಲಿದ್ದು ಹಿಂದಿರುಗಿದರು. ಇನ್ನರ್ಧ ಗಂಟೆ ತಡವಾಗಿದ್ದರೆ ಹಿಂದಿರುಗುವ ಪ್ರಶ್ನೆ ಇರಲಿಲ್ಲವೆಂದು ವೈದ್ಯರು ಹೇಳಿದ್ದನ್ನು ಅವರು ಯಾರಿಗೂ ಹೇಳಲಿಲ್ಲ. ಆಸ್ಪತ್ರೆಯ ಚೀಟಿಯಲ್ಲಿ ಬರೆದಿತ್ತು. ಮರುದಿನ ಬೆಳಗಾಗುವಷ್ಟರಲ್ಲಿ ಅವರ ಮನೆ ಉತ್ತರಕ್ಕೆ ಮುಖ ಮಾಡಿ ನಿಂತಿತ್ತು. ವಿಚಾರಿಸಿದಾಗ “ಗಾಳಿಗೆ ತಿರುಗಿರ್ಬೇಕು” ಎಂದರು. ಮನೆಯ ತೂಕ ಎಂಟು ಟನ್.

ಆದರೆ ನಾಲ್ಕು ಗಂಟೆಗೆ ಅವರು ಹೊರಗೆ ಬರಲಿಲ್ಲ. ಎರಡನೆಯ ದಿನವೂ ಬರಲಿಲ್ಲ. ಜೀವ ಉಳಿಸಿದವರೊಡನೆ ಯಾವ ಮುಖ ಇಟ್ಟುಕೊಂಡು ಜಗಳವಾಡುವುದೆಂಬ ಸಂಕೋಚ ಅವರಿಗಿತ್ತು ಎಂದು ಕಚೇರಿ ಭಾವಿಸುತ್ತದೆ. ಮೂರನೆಯ ದಿನ ನಾಲ್ಕು ಗಂಟೆಗೆ ಶ್ರೀಮತಿ ಉರಿಯಾಸ್ ಅವರೇ ತಲೆಯ ಮೇಲೆ ಒದ್ದೆ ಟವೆಲು ಹೊದ್ದು ಗಡಿಗೆರೆಗೆ ಬಂದು ನಿಂತರು.

“ಏನಯ್ಯಾ ಕ್ವಿಗ್ಲಿ, ಬೆಳಿಗ್ಗೆ ಹತ್ತು ಗಂಟೆ ನೆರಳು ಪೂರ್ತಿ ನಿನ್ನ ಕಡೇನೇ ಇತ್ತಲ್ಲ? ನನ್ನ ಪಾಲೆಲ್ಲಿ?”

9ನೇ ಮನೆಯ ಬಾಗಿಲು ತೆರೆಯಿತು. “ಅದು ಸೂರ್ಯನ ಕೆಲಸ ಕಣಮ್ಮಾ,” ಎಂದರು ಶ್ರೀ ಕ್ವಿಗ್ಲಿ, “ಅವನ್ನೇ ಹೋಗಿ ಕೇಳು. ಮತ್ತೆ ನನ್ನ ಗಾಜು ಯಾವಾಗ ಹಾಕಿಸ್ಕೊಡ್ತೀಯ?”

ಅಂದಿನ ಕಲಾಪ ಹತ್ತೊಂಬತ್ತು ನಿಮಿಷ ನಡೆಯಿತು.

8. ಮೇಲಿನ ಎಲ್ಲ ಸಂಗತಿಗಳನ್ನು ಕೂಲಂಕಷವಾಗಿ ಪರಿಶೀಲಿಸಿ, ಈ ಕೆಳಗಿನಂತೆ ಆದೇಶಿಸಲಾಗಿದೆ:

(ಅ) ಬಾಗಿಲಿನ ಗಾಜಿನ ಬೆಳ್ಳಿ ಹಾಳೆಯಲ್ಲಿ ಅಂಗೈಯಗಲದ ಕಂಡಿ ಬಿಡತಕ್ಕದ್ದು. ಅದರ ಮೂಲಕ ಇಣುಕುವವರು ಕಾಳಜಿಯಿಂದ ಮಾತ್ರ ಇಣುಕತಕ್ಕದ್ದು.

(ಆ) ತುರ್ತು ಸಂದರ್ಭದಲ್ಲಿ ಗಾಜನ್ನು ಮೊದಲು ಒಡೆದು ನಮೂನೆ 6ನ್ನು ಆಮೇಲೆ ಭರ್ತಿ ಮಾಡಬಹುದು. ಪೆನ್ನನ್ನು ದಾರ ಕಟ್ಟಿ ಇಡಲಾಗಿದೆ.

(ಇ) ಪ್ರತಿ ವಾಸಿಯೂ ಬೇಸಿಗೆ ಮುಗಿಯುವವರೆಗೆ ದಿನಕ್ಕೊಮ್ಮೆ, ಮೂರರಿಂದ ಐದು ಗಂಟೆಯೊಳಗೆ, ಕನಿಷ್ಠ ಒಬ್ಬ ನೆರೆಯವರೊಡನೆ ಜಗಳವಾಡತಕ್ಕದ್ದು. ಹಾಜರಾಗದವರ ಬಾಗಿಲನ್ನು ಹತ್ತು ನಿಮಿಷದೊಳಗೆ ಬಡಿಯಲಾಗುವುದು.

(ಈ) ಜಗಳಕ್ಕೆ ವಿಷಯವಿಲ್ಲದ ವಾಸಿಗಳಿಗೆ ಕಚೇರಿಯಿಂದ ವಿಷಯ ಒದಗಿಸಲಾಗುವುದು. ಸದ್ಯ ಲಭ್ಯವಿರುವವು: ರೇಡಿಯೋ ಸದ್ದು, ನಾಯಿಯ ನಡತೆ, ಯಾರ ಮೆಣಸಿನಕಾಯಿ ಸಾರು ಹೆಚ್ಚು ಖಾರ, ಮತ್ತು ಟೆಕ್ಸಾಸ್. ನೆರೆಯವರಿಲ್ಲದ 31ನೇ ನಿವೇಶನದ ವಾಸಿಯೊಡನೆ ಅಧಿಕಾರಿಯೇ ಖುದ್ದಾಗಿ ಹೋಗಿ ಜಗಳವಾಡಿ ಬರತಕ್ಕದ್ದು.

(ಉ) ರಾಜಿಯಾಗಲು ಇಚ್ಛಿಸುವವರು ಅಕ್ಟೋಬರ್ ಒಂದರವರೆಗೆ ಕಾಯತಕ್ಕದ್ದು.

ಈ ಆದೇಶವು ತಕ್ಷಣದಿಂದ ಜಾರಿಗೆ ಬರುತ್ತದೆ.

(ಸಹಿ/-)
ಲೈಲ್ ಪ್ರೂಯಿಟ್
ವ್ಯವಸ್ಥಾಪಕರು (ಬೇಸಿಗೆ ವಿಭಾಗದ ಏಕೈಕ ಸಿಬ್ಬಂದಿ)

ಪ್ರತಿಗಳು:
1. ಹದಿನಾಲ್ಕು ಮನೆಗಳ ಬಾಗಿಲಿಗೆ. ಬಿಸಿಲಿಗೆ ಅಂಟು ಕರಗಿ ಬಿದ್ದಲ್ಲಿ, ಬಿದ್ದ ಜಾಗದಲ್ಲಿಯೇ ಓದಿಕೊಳ್ಳತಕ್ಕದ್ದು.
2. ಉತ್ತರದಲ್ಲಿರುವ 198 ಮನೆಗಳವರಿಗೆ, ಮಾಹಿತಿಗಾಗಿ. “ಅಯ್ಯೋ ಪಾಪ” ಎಂದು ಉತ್ತರ ಬರೆಯುವ ಅಗತ್ಯವಿಲ್ಲ.
3. ಆಂಬ್ಯುಲೆನ್ಸಿನ ಇಬ್ಬರು ಸಿಬ್ಬಂದಿಗೆ, ವಂದನೆಗಳೊಂದಿಗೆ. ಅವಸರದಲ್ಲಿ ಬಿಟ್ಟುಹೋದ ಟೋಪಿ ಕಚೇರಿಯಲ್ಲಿದೆ.
4. ಶ್ರೀ ಕ್ವಿಗ್ಲಿ ಅವರ ಮಗಳು, ಒರೆಗಾನ್. ದಿನಾ ಫೋನ್ ಮಾಡಿ ವಿಚಾರಿಸುವುದು ಬೇಡವೆಂದು ತಮಗೆ ತಿಳಿಸಲು ತಂದೆಯವರು ಹೇಳಿದ್ದಾರೆ. ತಪ್ಪದೆ ಮಾಡುವಂತೆ ಕಚೇರಿ ಕೋರುತ್ತದೆ. ಸಂಜೆ ನಾಲ್ಕರಿಂದ ನಾಲ್ಕೂವರೆಯವರೆಗೆ ಮಾತ್ರ ಅವರಿಗೆ ಬಿಡುವಿರುವುದಿಲ್ಲ.