ಕಾಲು ತೊಳೆಯುವ ಪಿಂಗಾಣಿ

ಮಾಸ್ತರಿಕೆಯಲ್ಲಿ ಒಂದು ಕೆಟ್ಟ ಗುಣ ಅಂಟಿಕೊಳ್ಳುತ್ತದೆ. ಯಾರು ಏನು ಕೇಳಿದರೂ ‘ಗೊತ್ತಿಲ್ಲ’ ಎನ್ನಲು ನಾಲಿಗೆ ಏಳುವುದಿಲ್ಲ. ಅದರಲ್ಲೂ ನಾನು ವಿಜ್ಞಾನದ ಮಾಸ್ತರ. ಬಸ್ಸು ಯಾಕೆ ತಡ ಎಂದು ಕೇಳಿದರೂ ಗಾಳಿಯ ಒತ್ತಡದಿಂದ ಶುರುಮಾಡುತ್ತೇನೆ. ಈ ಗುಣದಿಂದಾಗಿ ನನ್ನ ತಂಗಿಯ ಮದುವೆಯೇ ತಪ್ಪಿಹೋಗುವುದರಲ್ಲಿತ್ತು.

ಎಪ್ಪತ್ತರ ದಶಕದ ಕೊನೆಯಲ್ಲಿ ನನಗೆ ಭಟ್ಕಳಕ್ಕೆ ವರ್ಗವಾಯಿತು. ಅಮ್ಮನನ್ನೂ ತಂಗಿ ಸುಮಿತ್ರೆಯನ್ನೂ ಕರೆದುಕೊಂಡು ನಮ್ಮೂರು ಬಾಡದಿಂದ ಬಂದೆ. ಬಾಡಿಗೆಗೆ ಸಿಕ್ಕಿದ್ದು ದುಬೈಯಲ್ಲಿದ್ದವರೊಬ್ಬರು ಹೊಸದಾಗಿ ಕಟ್ಟಿಸಿದ ಮನೆಯ ಮಾಳಿಗೆ. ಬಚ್ಚಲಿನಲ್ಲಿ ಕಮೋಡಿನ ಪಕ್ಕ ತಿಳಿನೀಲಿ ಬಣ್ಣದ ಇನ್ನೊಂದು ಪಿಂಗಾಣಿ ಬೋಗುಣಿ ಕೂತಿತ್ತು. ಮೊಣಕಾಲೆತ್ತರ, ಮುಚ್ಚಳವಿಲ್ಲ. ನಲ್ಲಿ ತಿರುಗಿಸಿದರೆ ನೀರು ಕೆಳಗೆ ಬೀಳುವ ಬದಲು ತಳದಿಂದ ಮೇಲಕ್ಕೆ ಉಕ್ಕುತ್ತಿತ್ತು.

“ಎಂತದಾ ಇದು?” ಎಂದಳು ಅಮ್ಮ.

ಕೆಳಗೆ ಮನೆ ಮಾಲೀಕರ ತಾಯಿ ಇದ್ದರು, ಕೇಳಬಹುದಿತ್ತು. ಆದರೆ ಅಷ್ಟರಲ್ಲಿ ನನ್ನ ಬಾಯಿ ಉತ್ತರ ಕೊಟ್ಟಾಗಿತ್ತು. “ಕಾಲು ತೊಳೆಯೂಕೆ. ನೀರು ಕೆಳಗಿಂದ ಬಂದ್ರೆ ರಕ್ತಸಂಚಾರಕ್ಕೆ ಒಳ್ಳೇದು.”

“ಆತು ಹಂಗಾರೆ. ಬಗ್ಗೂದು ತಪ್ಪಿತು.”

ಅಂದಿನಿಂದ ಅಮ್ಮ ಮೀನುಪೇಟೆಯಿಂದ ಬಂದವಳೇ ಸ್ಟೂಲಿನ ಮೇಲೆ ಕೂತು, ಎರಡೂ ಕಾಲನ್ನು ಅದರೊಳಗೆ ಇಳಿಬಿಟ್ಟು ಕಣ್ಣು ಮುಚ್ಚುತ್ತಿದ್ದಳು. ಕರೆಂಟಿನ ದೆಸೆಯಿಂದ ಮಹಡಿಯ ನೀರಿನ ಟಾಕಿ ತುಂಬುತ್ತಲೇ ಇರಲಿಲ್ಲವಾದ್ದರಿಂದ ನೀರು ಪಾದಕ್ಕೆ ಕಚಗುಳಿ ಇಡುವಷ್ಟೇ ಬರುತ್ತಿತ್ತು. ಅಕ್ಕಪಕ್ಕದ ಹೆಂಗಸರೂ ಬಂದು ತೊಳೆದುಕೊಂಡು ಹೋದರು. ನನಗೆ ಹೆಮ್ಮೆಯೋ ಹೆಮ್ಮೆ.

ಹೀಗಿರುವಾಗ ಸುಮಿತ್ರೆಯನ್ನು ನೋಡಲು ಹೊನ್ನಾವರದಿಂದ ಗಂಡಿನ ಕಡೆಯವರು ಬಂದರು. ಹುಡುಗನಿಗೆ ಪರದೇಶದ ಹಡಗಿನಲ್ಲಿ ಕೆಲಸ. ಅವನ ಅಪ್ಪ ದೋಣಿಗಳ ಯಜಮಾನರು, ಭಾರೀ ಆಳು, ಮನೆಯಲ್ಲಿ ಅವರ ಮಾತೇ ಕೊನೆ. ಮೊದಲು ನೋಡಿದ ಹುಡುಗಿಯನ್ನು ಚಹಾ ತಣ್ಣಗಿತ್ತೆಂದು ಬೇಡವೆಂದವರಂತೆ. ಸುಮಿತ್ರೆಗೆ ಮಾತ್ರ ಹುಡುಗನ ಫೋಟೋ ನೋಡಿದಾಗಲೇ ಮನಸ್ಸಾಗಿತ್ತು. “ಅಣ್ಣಾ, ಇವತ್ತೊಂದಿನ ಪಾಠ ಮಾಡ್ಬೇಡ” ಎಂದು ಕೈಮುಗಿದಿದ್ದಳು.

ನಾನು ಪಾಠ ಮಾಡಲಿಲ್ಲ. ಯಜಮಾನರೇ ಕಾಲು ತೊಳೆಯಲೆಂದು ಮೆಟ್ಟಿಲ ಬಳಿ ಇಟ್ಟ ಚೊಂಬು ನೋಡಿ, “ಬಗ್ಗೂಕೆ ಆಗೂದಿಲ್ಲ ಮಾಸ್ತರೇ, ಗಂಟುನೋವು” ಎಂದರು. ಸುಮ್ಮನಿರಲು ನಾನೇನು ಕಲ್ಲೇ? ಒಳಗೆ ಕರೆದೊಯ್ದು, ಸ್ಟೂಲಿನ ಮೇಲೆ ಕೂರಿಸಿ, ಕಾಲು ಇಡಿಸಿ, ನಲ್ಲಿಯನ್ನು ಪೂರ್ತಿ ತಿರುಗಿಸಿದೆ. ನೆಂಟರು ಬರುತ್ತಾರೆಂದು ಮಾಲೀಕರ ತಾಯಿ ಅಂದು ಪಂಪು ಹಾಕಿಸಿ ಟಾಕಿ ತುಂಬಿಸಿದ್ದರು. ನೀರು ಎರಡು ಪಾದಗಳ ನಡುವಿನಿಂದ ಎದ್ದು ನೇರ ಯಜಮಾನರ ಗಲ್ಲಕ್ಕೆ ಬಡಿಯಿತು. ಕನ್ನಡಕ ಹಾರಿತು, ಇಸ್ತ್ರಿ ಅಂಗಿ ಮೈಗಂಟಿತು.

ಕೂಗು ಕೇಳಿ ಹುಡುಗ ಓಡಿಬಂದ. ಅಪ್ಪನ ಕಾಲು ಎಲ್ಲಿದೆಯೆಂದು ನೋಡಿದ, ನನ್ನ ಮುಖ ನೋಡಿದ, ಕರವಸ್ತ್ರ ಬಾಯಿಗೊತ್ತಿಕೊಂಡ. ಹಿಂದೆಯೇ ಟವೆಲ್ಲು ತಂದ ಸುಮಿತ್ರೆ ತಡೆಯಲಾರದೆ ಕಿಸಕ್ಕನೆ ನಕ್ಕುಬಿಟ್ಟಳು. ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡು ನಗುತ್ತಿದ್ದರೆ ನಾನು ನೆಲದಲ್ಲಿ ಕನ್ನಡಕ ಹುಡುಕುತ್ತಿದ್ದೆ. ಸಂಬಂಧ ಮುರಿಯಿತೆಂದೇ ತಿಳಿದೆ.

ಯಜಮಾನರು ಮುಖ ಒರೆಸಿಕೊಂಡು, “ಎಂತಾ ಫೋರ್ಸು ಮಾರಾಯ್ರೇ! ಗಂಟು ಹಗುರಾತು” ಎಂದರು. ನನ್ನ ಲುಂಗಿ ಉಟ್ಟು ಚಹಾ ಕುಡಿದು, ಮದುವೆಗೆ ಒಪ್ಪಿಕೊಂಡೇ ಎದ್ದರು.

ಅಪ್ಪ ಇಲ್ಲದ ಮನೆ. ಧಾರೆಯ ಮೊದಲು ಮದುಮಗನ ಪಾದ ತೊಳೆಯುವ ಕೆಲಸ ನನ್ನದೇ. ನೀರೆರೆಯುತ್ತಿದ್ದಾಗ ಅವನು ಬಗ್ಗಿ ಕಿವಿಯಲ್ಲಿ ಹೇಳಿದ: “ಭಾವ, ಅದು ಕಾಲಿಗಲ್ಲ. ಬಿಡೆಟ್ ಅಂತಾರೆ. ಕಮೋಡಿಂದ ಎದ್ದವ್ರು ಅದರ ಮೇಲೆ ಕೂತು ತೊಳ್ಕೊಳ್ಳೂಕೆ. ನಮ್ಮ ಚೊಂಬಿನ ಕೆಲಸ.”

ನನ್ನ ಕೈ ಅಲ್ಲೇ ನಿಂತಿತು. ಬೇಸಿಗೆಯಿಡೀ ಅಮ್ಮ ಅದರಲ್ಲಿ ತಣ್ಣಗಿಟ್ಟು ಕೊಯ್ದುಕೊಟ್ಟ ಕಲ್ಲಂಗಡಿಗಳೆಲ್ಲ ನೆನಪಾದವು. “ಮಾಸ್ತರೇ, ನೀರು ಬಿಡಿ” ಎಂದು ಭಟ್ಟರು ಎರಡು ಸಲ ಹೇಳಬೇಕಾಯಿತು.

ಊಟವಾದ ಮೇಲೆ ಯಜಮಾನರು ತುಂಬಿದ ಚಪ್ಪರದಲ್ಲಿ ನನ್ನ ಹೆಗಲ ಮೇಲೆ ಕೈಹಾಕಿದರು. “ಬೊಂಬಾಯಿಂದ ನಾನೂ ಅಂತದೊಂದು ತರಿಸ್ತಿದ್ದೇನೆ ಮಾಸ್ತರೇ. ಜಗಲಿ ಮೆಟ್ಟಿಲ ಪಕ್ಕ ಕೂರಿಸೂದು. ಬಂದವ್ರೆಲ್ಲ ಕಾಲು ತೊಳೆದೇ ಒಳಗೆ ಬರ್ಲಿ. ಸಮಾ ಆತಲ್ಲ?”

ನೆಂಟರೆಲ್ಲ ನನ್ನತ್ತ ತಿರುಗಿದರು. ಸುಮಿತ್ರೆ ತಲೆ ತಗ್ಗಿಸಿದಳು, ಮದುಮಗನ ಕರವಸ್ತ್ರ ಮತ್ತೆ ಬಾಯಿಗೆ ಹೋಯಿತು. ಸತ್ಯ ಹೇಳಿಬಿಡಲು ಇದಕ್ಕಿಂತ ಒಳ್ಳೆಯ ಹೊತ್ತು ಸಿಗದು ಎಂದುಕೊಂಡು ಗಂಟಲು ಸರಿಮಾಡಿಕೊಂಡೆ.

“ಪೂರ್ವಕ್ಕೆ ಮುಖ ಮಾಡಿ ಕೂರಿಸಿ” ಎಂದೆ.