ಹದಿನಾಲ್ಕು ಚೀಲ ಅಕ್ಕಿ, ಒಂದು ವಿಡಿಯೋ ಗೇಮ್

ದೇವಾನಂದ ಯಾವುದನ್ನೂ ಪರೀಕ್ಷಿಸದೆ ಕೊಳ್ಳುವವನಲ್ಲ. ಭೋಸರಿಯ ಬೇರಿಂಗ್ ಕಾರ್ಖಾನೆಯೊಂದರಲ್ಲಿ ಇಪ್ಪತ್ತೆರಡು ವರ್ಷದಿಂದ ಅವನು ಗುಣಮಟ್ಟದ ತಪಾಸಕ. ತಾನು ಸೈ ಎಂದ ಮಾಲು ಒಂದೂ ವಾಪಸ್ ಬಂದಿಲ್ಲವೆಂಬುದು ಅವನ ಹೆಮ್ಮೆ. ಮಂಡಿಗೆ ಹೋದರೆ ಬದನೆಕಾಯಿಯನ್ನೂ ಬೆಳಕಿಗೆ ಹಿಡಿದು, ತಿರುಗಿಸಿ, ತೊಟ್ಟು ಅಲುಗಿಸಿ ನೋಡಿಯೇ ಕೈಚೀಲಕ್ಕೆ ಹಾಕುತ್ತಿದ್ದ. ಇಂಥವನು ತನ್ನ ನಲವತ್ತೇಳನೆಯ ವಯಸ್ಸಿನಲ್ಲಿ ಒಂದು ಘನ ನಿರ್ಧಾರಕ್ಕೆ ಬಂದ. ಹಳೇ ಕಾಲದ ವಿಡಿಯೋ ಗೇಮ್‌ಗಳನ್ನು ಆಡಲು ಅಂಗೈಯಲ್ಲಿ ಹಿಡಿಯುವ ಯಂತ್ರವೊಂದನ್ನು ಕೊಳ್ಳಬೇಕು. ಅದೂ ಇಡೀ ಪುಣೆಯಲ್ಲಿ ಯಾರೂ ಬೆರಳು ತೋರಿಸಲಾಗದಂಥದ್ದನ್ನೇ ಆರಿಸಬೇಕು.

ಆಸೆ ಹಳೆಯದು. ಸೇಡಂನಲ್ಲಿ ಹೈಸ್ಕೂಲು ಓದುವಾಗ ಗೆಳೆಯನ ಮನೆಯ ಟಿವಿಗೆ ವೈರು ಸಿಕ್ಕಿಸಿ ಟ್ಯಾಂಕು ಓಡಿಸುವ ಆಟ ಆಡುತ್ತಿದ್ದರು. ಗೆಳೆಯನಿಗೆ ಎರಡು ತಾಸು, ಇವನಿಗೆ ಐದು ನಿಮಿಷ. ಆ ಐದು ನಿಮಿಷ ಇವನಿಗೆ ಮೂವತ್ತು ವರ್ಷವಾದರೂ ಸಾಕಾಗಿರಲಿಲ್ಲ.

ಎರಡು ತಿಂಗಳು ವಿಡಿಯೋ ನೋಡಿ, ನೋಟ್‌ಬುಕ್ಕಿನಲ್ಲಿ ಬರೆದು, ಹೊಡೆದು ಹಾಕಿ, ಕೊನೆಗೆ ಮೂರು ಯಂತ್ರ ಉಳಿದವು. ಒಂದು ಸೋಪಿನ ಬಿಲ್ಲೆಯಂತೆ ನೆಟ್ಟಗೆ ನಿಂತದ್ದು, ಒಂದು ಅಡ್ಡಡ್ಡ ಮಲಗಿದ್ದು, ಇನ್ನೊಂದು ಪೌಡರ್ ಡಬ್ಬಿಯಂತೆ ಮಡಚುವುದು. ಮಡಚುವುದು ಕಾರ್ಖಾನೆಯಲ್ಲಿ ಜೊತೆಗೆ ಕೆಲಸ ಮಾಡುವ ಸ್ವಪ್ನಿಲ್‌ನ ಹತ್ತಿರವೇ ಇತ್ತು.

"ಒಂದು ವಾರ ಕೊಡು, ಪರೀಕ್ಷೆ ಮಾಡಿ ಕೊಡ್ತೇನೆ" ಎಂದು ದೇವಾನಂದ ಮರಾಠಿಯಲ್ಲಿ ಕೇಳಿದ.

ಸ್ವಪ್ನಿಲ್ ಯಂತ್ರವನ್ನು ಎದೆಗೆ ಒತ್ತಿಕೊಂಡ. "ಕಾಕಾ, ಈ ಬಣ್ಣದ್ದರ ತಯಾರಿ ನಿಂತು ನಾಲ್ಕು ವರ್ಷ ಆಯ್ತು. ಹೋದರೆ ಇನ್ನೊಂದು ಸಿಗಲ್ಲ."

"ನನ್ನ ಕೈಗೆ ಬಂದ ಮಾಲಿಗೆ ಗೀರು ಬಿದ್ದದ್ದು ಯಾವತ್ತಾದರೂ ನೋಡಿದ್ದೀಯಾ?"

ಸ್ವಪ್ನಿಲ್ ನೋಡಿರಲಿಲ್ಲ. ಕೊಟ್ಟ.

ಧನಕವಡಿಯ ಮನೆಯಲ್ಲಿ ಹೆಂಡತಿ ಭಾಗ್ಯಾಳಿಗೆ ಈ ವಿಷಯ ಹೇಳುವ ಹಾಗಿರಲಿಲ್ಲ. ಅವಳು ಮೊಬೈಲಿನಲ್ಲಿ ಧಾರಾವಾಹಿ ಹಚ್ಚಿದಾಗಲೆಲ್ಲ, "ಇಷ್ಟ್ ದೊಡ್ಡಾಕಿ ಆಗಿ ಏನ್ ನೋಡ್ತಿ ಅದನ್ನ" ಎಂದು ಹತ್ತು ವರ್ಷದಿಂದ ಉಪದೇಶ ಮಾಡಿಕೊಂಡು ಬಂದವನು ಅವನೇ. ಆದ್ದರಿಂದ ಪ್ರಯೋಗಶಾಲೆ ಬಚ್ಚಲಮನೆಗೆ ವರ್ಗವಾಯಿತು. ಚಿಲಕ ಹಾಕಿ, ಸದ್ದು ಕೇಳಿಸದಂತೆ ನಲ್ಲಿ ಬಿಟ್ಟು, ಬೋರಲು ಹಾಕಿದ ಬಕೀಟಿನ ಮೇಲೆ ಕುಳಿತು ಅವನು ಪರೀಕ್ಷೆ ನಡೆಸಿದ. ಗುಂಡಿಗಳ ನಡುವಿನ ಅಂತರವನ್ನು ಕ್ಯಾಲಿಪರ್‌ನಿಂದ ಅಳೆದ. ಹೆಬ್ಬೆರಳಿಗೆ ಎಷ್ಟು ನಿಮಿಷಕ್ಕೆ ನೋವು ಬರುತ್ತದೆಂದು ಬರೆದುಕೊಂಡ.

ಮೂರನೆಯ ದಿನ ಮುಂಜಾನೆ ಅವನ ಟ್ಯಾಂಕು ಶತ್ರುವಿನ ಕೊನೆಯ ಗೋಡೆಯ ಮುಂದೆ ನಿಂತಿದ್ದಾಗ ಹೊರಗಿನಿಂದ ಭಾಗ್ಯಾ ಬಾಗಿಲು ದಬದಬ ಬಡಿದಳು.

"ರೀ, ಹೊಟ್ಟಿ ಕೆಟ್ಟದೇನ್ರಿ? ಅರ್ಧ ತಾಸಾತು!"

ದೇವಾನಂದ ಬೆಚ್ಚಿದ. ಒದ್ದೆ ಕೈಯಿಂದ ಯಂತ್ರ ಮೀನಿನಂತೆ ಜಿಗಿದು, ನಲ್ಲಿಯ ಕೆಳಗೆ ತುಂಬಿ ತುಳುಕುತ್ತಿದ್ದ ಇನ್ನೊಂದು ಬಕೀಟಿನ ತಳ ಸೇರಿತು. ತೆಗೆದು ಒರೆಸಿ ನೋಡಿದರೆ ಪರದೆ ಕಪ್ಪು. ಗುಂಡಿ ಒತ್ತಿದರೆ ನೀರು ಬಂತು.

ಒದ್ದೆಯಾದ ಮೊಬೈಲನ್ನು ಅಕ್ಕಿಯಲ್ಲಿ ಹೂತಿಟ್ಟರೆ ಒಣಗುತ್ತದೆಂದು ಎಲ್ಲರಂತೆ ಅವನೂ ಕೇಳಿದ್ದ. ಅಡುಗೆಮನೆಯ ಮೂಲೆಯಲ್ಲಿ ಬಾಯಿ ಬಿಚ್ಚಿದ ಹತ್ತು ಕಿಲೋ ಅಕ್ಕಿಯ ಚೀಲ ಇತ್ತು. ಭಾಗ್ಯಾ ಸ್ನಾನಕ್ಕೆ ಹೋದದ್ದೇ ತಡ, ಗಾಳಿಯಾಡಲೆಂದು ಯಂತ್ರದ ಮಡಿಕೆ ಬಿಚ್ಚಿ, ಚೀಲದ ತಳಕ್ಕೆ ಇಳಿಸಿ ಕೆಲಸಕ್ಕೆ ಹೋದ.

ಎರಡು ದಿನ ಬಿಟ್ಟು, ಭಾನುವಾರ ಮಧ್ಯಾಹ್ನ ನೋಡಿದರೆ ಮೂಲೆ ಖಾಲಿ.

"ಚೀಲ ಎಲ್ಲದ?"

"ಯಾವ ಚೀಲ?"

"ಅಕ್ಕಿಂದು. ಇಲ್ಲಿತ್ತಲ್ಲ."

"ಅದು ಗಣಪತಿ ಮಂಡಳಕ್ಕ ಕೊಡಾಕಂತನೇ ತಂದಿದ್ದು. ಇವತ್ತ ಮಹಾಪ್ರಸಾದ ಅದಲ್ರಿ. ಬಾಯಿ ಹೊಲ್ದು ಕೊಟ್ಟೆ, ಮುಂಜಾನೆ ಬಂದು ಒಯ್ದ್ರು. ಯಾಕ್ರಿ, ಮಾರಿ ಹಿಂಗ್ಯಾಕ ಬೆಳ್ಳಗಾಗ್ಯದ?"

ಉತ್ತರ ಹೇಳಲು ದೇವಾನಂದ ಅಲ್ಲಿರಲಿಲ್ಲ. ಒಂದು ಕಾಲಿಗೆ ತನ್ನ ಚಪ್ಪಲಿ, ಇನ್ನೊಂದಕ್ಕೆ ಅವಳದು ಸಿಕ್ಕಿಸಿಕೊಂಡು ಆಗಲೇ ಬೀದಿಯಲ್ಲಿ ಓಡುತ್ತಿದ್ದ.

ಪೆಂಡಾಲಿನ ಹಿಂದೆ ಎರಡು ಹಂಡೆಗಳಲ್ಲಿ ಎಸರು ಕುದಿಯುತ್ತಿತ್ತು. ಪಕ್ಕದಲ್ಲಿ ಹದಿನಾಲ್ಕು ಚೀಲ ಅಕ್ಕಿ. ಎಲ್ಲವೂ ಬಿಳಿ, ಎಲ್ಲದರ ಮೇಲೂ ಅದೇ ಗಿಳಿಯ ಚಿತ್ರ. ದೇವಾನಂದ ಮೊದಲನೆಯದರ ಹೊಲಿಗೆ ಕಿತ್ತು ಭುಜದವರೆಗೆ ಕೈ ತೂರಿಸಿದ. ಇಲ್ಲ. ಎರಡನೆಯದು. ಇಲ್ಲ.

"ಕಾಯ್ ಕರ್ತಾಯ್ ಹೋ?" ಏನು ಮಾಡುತ್ತಿದ್ದೀರೆಂದು ಹಿಂದಿನಿಂದ ಗದರಿದವನು ಮಂಡಳದ ಅಧ್ಯಕ್ಷ ಹರಿಶ್ಚಂದ್ರ. ಕೇಸರಿ ಪೇಟ, ಎದೆಗೆ ಅಂಗೈಯಗಲದ ಬಿಲ್ಲೆ, ಕೈಯಲ್ಲಿ ಮೈಕು.

"ಗುಣಮಟ್ಟ ನೋಡ್ತಿದ್ದೇನೆ."

"ದೇವರಿಗೆ ಕೊಟ್ಟ ಅಕ್ಕಿಯದ್ದಾ?"

ಅಷ್ಟರಲ್ಲಿ ಅಡುಗೆಯವನು ಬುಟ್ಟಿ ಹಿಡಿದು ಬಂದ. ದೇವಾನಂದ ಎರಡೂ ಕೈ ಚಾಚಿ ಚೀಲಗಳಿಗೆ ಅಡ್ಡ ನಿಂತ. "ಹಾಕಬೇಡಿ. ಒಂದು ಚೀಲದೊಳಗೆ ಒಂದು ವಸ್ತು ಇದೆ."

"ಎಂಥ ವಸ್ತು?"

ಎದುರಿಗೆ ಓಣಿಯ ಮಂದಿಯೆಲ್ಲ ತಟ್ಟೆ ಹಿಡಿದು ಸಾಲಾಗಿ ನಿಂತಿದ್ದರು. ವಿಡಿಯೋ ಗೇಮ್ ಎನ್ನಲು ದೇವಾನಂದನ ನಾಲಿಗೆ ಏಳಲಿಲ್ಲ. "ಒಂದು ಸಣ್ಣ ಯಂತ್ರ."

"ಯಂತ್ರ ಅಂದ್ರೆ?"

"ಬ್ಯಾಟರಿ ಇದೆ. ಗುಂಡಿಗಳಿವೆ. ದೀಪ ಹತ್ತುತ್ತದೆ."

ಹರಿಶ್ಚಂದ್ರ ಒಂದು ಹೆಜ್ಜೆ ಹಿಂದೆ ಸರಿದ. "ಇಟ್ಟವರು ಯಾರು?"

"ನಾನೇ."

ಆ ಗಳಿಗೆಗೇ ಚೀಲಗಳ ರಾಶಿಯೊಳಗಿನಿಂದ ಒಂದು ಸದ್ದು ಬಂತು. ಟುಯ್. ಟುಯ್. ಟುಯ್. ದೇವಾನಂದ ಚೀಲಗಳನ್ನು ಎಳೆದಾಡಿದ ರಭಸಕ್ಕೋ ಏನೋ, ಒಣಗಿದ ಯಂತ್ರ ಜೀವ ಹಿಡಿದಿತ್ತು. ದೇವಾನಂದನ ಎದೆ ಅರಳಿತು: ನೀರಿನ ಪರೀಕ್ಷೆಯಲ್ಲಿ ಪಾಸು, ಮಡಚುವುದೇ ಸೈ! ಎರಡು ತಿಂಗಳ ಗೊಂದಲ ಅಲ್ಲಿಗೆ ತೀರಿತು. ಆದರೆ ಸಾಲಿನಲ್ಲಿದ್ದವರಿಗೆ ಅದು ಆಟದ ಸಂಗೀತವಾಗಿ ಕೇಳಿಸಲಿಲ್ಲ. ಯಾರೋ "ಬಾಂಬ್" ಎಂದರು.

"ಯಾರೂ ಗಾಬರಿಯಾಗಬೇಡಿ" ಎಂದು ಹರಿಶ್ಚಂದ್ರ ಮೈಕಿನಲ್ಲಿ ಕೂಗಿದ. ಆ ದನಿ ಕೇಳಿಯೇ ಎಲ್ಲರೂ ಗಾಬರಿಯಾದರು. ಎರಡು ನಿಮಿಷದಲ್ಲಿ ಮುನ್ನೂರು ಜನ ತಟ್ಟೆಗಳ ಸಮೇತ ಮುಖ್ಯ ರಸ್ತೆಯಲ್ಲಿದ್ದರು. ಬಸ್ಸುಗಳು ನಿಂತವು. ಅಡುಗೆಯವನು ಸೌಟು ಹಿಡಿದೇ ಓಡಿದ. ಅಧ್ಯಕ್ಷ ಮೈಕನ್ನು ಅಕ್ಕಿಯ ಮೇಲೆ ಎಸೆದು ಎಲ್ಲರಿಗಿಂತ ಮುಂದೆ ಓಡಿದ. ಗಣಪತಿಯೊಬ್ಬನೇ ಕದಲಲಿಲ್ಲ.

ಗಣಪತಿಯ ಜೊತೆಗೆ ಉಳಿದವನು ಚೀಲಗಳ ಪಕ್ಕ ನಿಂತ ದೇವಾನಂದನೊಬ್ಬನೇ. ಎದುರಿನ ಪೊಲೀಸ್ ಚೌಕಿಯಿಂದ ಪೇದೆ ಮುಕ್ತಾ ನೇರವಾಗಿ ಬಂದು ಅವನ ಕಾಲರ್ ಹಿಡಿದಳು.

"ಒಳಗೆ ಏನಿದೆ? ನಿಜ ಹೇಳು."

ಇನ್ನು ಮುಚ್ಚಿಡುವಂತಿರಲಿಲ್ಲ. ಅವಳೊಬ್ಬಳಿಗೇ ಕೇಳಿಸುವಷ್ಟು ಮೆಲ್ಲಗೆ ಹೇಳಿದ: "ಗೇಮ್, ಮೇಡಂ. ಟ್ಯಾಂಕಿನ ಆಟ. ಬಚ್ಚಲಮನೆಯಲ್ಲಿ ಕೂತು ಆಡುವಾಗ ಬಕೀಟಿಗೆ ಬಿತ್ತು. ಒಣಗಲಿ ಅಂತ ಅಕ್ಕಿಯಲ್ಲಿ ಇಟ್ಟಿದ್ದೆ."

ಮೈಕು ಬಂದ್ ಆಗಿರಲಿಲ್ಲ. ನಾಲ್ಕು ಕಂಬಗಳ ಧ್ವನಿವರ್ಧಕಗಳು ಈ ಮಾತನ್ನು ಅಕ್ಷರವೂ ಬಿಡದೆ ಕಾತ್ರಜ್ ದಾರಿಯವರೆಗೆ ಮುಟ್ಟಿಸಿದವು.

ಜನ ಎರಡಾಗಿ ದಾರಿ ಬಿಟ್ಟರು. ಒಂದು ಕಾಲಿಗೆ ಗಂಡನ ಚಪ್ಪಲಿ ಮೆಟ್ಟಿ ಭಾಗ್ಯಾ ನಡೆದು ಬಂದಳು. ಒಂದೊಂದೇ ಚೀಲಕ್ಕೆ ಕಿವಿಯಿಟ್ಟು, ಒಂಬತ್ತನೆಯದರ ಹೊಲಿಗೆ ಬಿಚ್ಚಿ ಕೈ ಹಾಕಿ ಯಂತ್ರ ಹೊರತೆಗೆದಳು. ಕಾಳು ಝಾಡಿಸಿ, ಪೌಡರ್ ಡಬ್ಬಿಯಂತೆ ಟಪ್ಪೆಂದು ಮುಚ್ಚಿದಳು. ಸದ್ದು ನಿಂತಿತು. ಆಮೇಲೆ ಗಂಡನನ್ನು ನೋಡಿದಳು. ಹತ್ತು ವರ್ಷದ ಉಪದೇಶವೆಲ್ಲ ಆ ಒಂದು ನೋಟದಲ್ಲಿ ವಾಪಸ್ ಬಂತು.

ಕಂಟ್ರೋಲ್ ರೂಮಿಗೆ ಫೋನು ಹೋಗಿಬಿಟ್ಟಿದ್ದರಿಂದ ಬರೆಯದೆ ಬಿಡುವಂತಿರಲಿಲ್ಲ. ಮುಕ್ತಾ ದಾಖಲೆಯ ವಹಿ ತೆರೆದಳು.

"ವಸ್ತು?"

"ಆಟಿಕೆ."

"ಯಾರ ಕೈಯಲ್ಲಿತ್ತು? ಹೆಸರು?"

"ದೇವಾನಂದ."

"ವಯಸ್ಸು?"

"ನಲವತ್ತೇಳು."

ಮುಕ್ತಾಳ ಪೆನ್ನು ನಿಂತಿತು. ರಸ್ತೆಯಲ್ಲಿ ತಟ್ಟೆ ಹಿಡಿದು ನಿಂತ ಮುನ್ನೂರು ಜನರನ್ನು ನೋಡಿದಳು, ದೇವಾನಂದನ ನರೆತ ಮೀಸೆಯನ್ನು ನೋಡಿದಳು. "ನಲವತ್ತೇಳು ಅಂತ ಬರೆದರೆ ನಮ್ಮ ಸಾಹೇಬರು ನಂಬಲ್ಲ. ಇದರ ಹಿಂದೆ ಬೇರೇನೋ ಇದೆ ಅಂತ ನಿಮ್ಮನ್ನು ನಾಳೆಯವರೆಗೂ ಕೂರಿಸ್ತಾರೆ. ಮಗು ಅಂತ ಬರೆದರೆ ಇಲ್ಲಿಗೇ ಮುಗೀತದೆ."

ದೇವಾನಂದ ತಲೆ ತಗ್ಗಿಸಿದ. ಮುಕ್ತಾ ಬರೆದಳು: ದೇವಾನಂದ, ವಯಸ್ಸು ಏಳು.

ಇಪ್ಪತ್ತೆರಡು ವರ್ಷದಿಂದ ತಪಾಸಣೆಯ ಕಾಗದಗಳ ಕೆಳಗೆ ಸಹಿ ಹಾಕಿ ರೂಢಿಯಾದ ಕೈ ತಾನಾಗಿಯೇ ಪೆನ್ನಿಗೆ ಚಾಚಿತು. ಮುಕ್ತಾ ವಹಿಯನ್ನು ಅತ್ತ ತಿರುಗಿಸಿದಳು. "ನಿಮ್ಮದಲ್ಲ. ಪಾಲಕರ ಸಹಿ ಬೇಕು."

ಭಾಗ್ಯಾ ಸೆರಗಿಗೆ ಕೈ ಒರೆಸಿಕೊಂಡು, ದುಂಡಗೆ ಸಹಿ ಮಾಡಿ, ವಹಿ ಒಪ್ಪಿಸುತ್ತಾ ವಿನಯದಿಂದ ಹೇಳಿದಳು:

"ಇನ್ನ ಮ್ಯಾಲ ಒಬ್ಬನ್ನೇ ಬಿಡೂದಿಲ್ರಿ, ಮೇಡಂ."