ಜರಿ ಕೋಟಿನವನೂ ಅಟ್ಟದ ಕಾಯಿಯೂ

ಅರಳಗುಪ್ಪೆಗೆ ಅಮೆರಿಕದ ಫಂಕ್ ಸಂಗೀತ ತಂದ ಮಹಾಪುರುಷ ನಾನೇ! ಸಾಕ್ಷಿ ಬೇಕಾದರೆ ಊರಲ್ಲಿ ಯಾರನ್ನಾದರೂ ಕೇಳಿ, ನನ್ನ ಹೆಂಡತಿಯನ್ನು ಮಾತ್ರ ಕೇಳಬೇಡಿ.

ಆಗ ಎಪ್ಪತ್ತೊಂಬತ್ತನೇ ಇಸವಿ. ನಾನು ತಿಪಟೂರಿನ ಒಂದು ಕಚೇರಿಯಲ್ಲಿ ಗುಮಾಸ್ತ. ಹಡಗಿನ ಕೆಲಸದಲ್ಲಿದ್ದ ಗೆಳೆಯ ಗಂಗಯ್ಯ ರಜೆಗೆ ಬಂದವನು ಒಂದು ರೆಕಾರ್ಡ್ ಪ್ಲೇಯರು, ಎತ್ತಲಾರದಂಥ ಸ್ಪೀಕರು, ಜೊತೆಗೆ ಒಂದು ಕಟ್ಟು ಅಮೆರಿಕದ ಎಲ್.ಪಿ.ಗಳನ್ನು ನನ್ನ ಕೊರಳಿಗೆ ಕಟ್ಟಿ ಹೋದ. ಎಲ್ಲ ರೆಕಾರ್ಡೂ ಒಬ್ಬನೇ ಬೇಸ್ ಗಿಟಾರ್ ವಾದಕನದು. ಕವರಿನ ಮೇಲೆ ಆಸಾಮಿ ಮೈತುಂಬ ಜರಿ ಕೋಟು, ಮಂಡಿವರೆಗೆ ಬೆಳ್ಳಿ ಬೂಟು, ಟೋಪಿಗೆ ಗರಿ, ಮುಖದ ಮುಕ್ಕಾಲು ಪಾಲು ಕನ್ನಡಕ ಹಾಕಿಕೊಂಡು ಹಲ್ಲು ಬಿಡುತ್ತಿದ್ದ.

"ಯಾರ್ರೀ ಇವ್ನು? ಮೂಡಲಪಾಯದ ವೇಷ ಕಟ್ಕಂಡು ಗಿಟಾರ್ ಹಿಡ್ಕಂಡವ್ನೆ!" ಎಂದಳು ನನ್ನ ಹೆಂಡತಿ ಗಿರಿಜಾಂಬಿಕಾ.

"ಇವನು ಬೇಸ್ ಚಕ್ರವರ್ತಿ ಕಣೇ! ಇವನ ನಾದ ಕೇಳೋಕೆ ಕಿವಿ ಬೇಕು. ಎಷ್ಟೇ ವಾದ್ಯ ಕಿರುಚಲಿ, ಅದರ ತಳದಲ್ಲಿ ಡುಮ್ ಡುಮ್ ಅನ್ನೋ ಬೇಸನ್ನ ಈ ಕಿವಿ ಹೆಕ್ಕಿ ತೆಗೆಯುತ್ತೆ!"

"ನಾನು ನೀರು ಸೇದ್ಕೊಡ್ರೀ ಅಂದಾಗ ಆ ಕಿವಿ ಎಲ್ಲಿಗೋಗಿರ್ತೈತೆ?"

ಮಹತ್ಕಾರ್ಯಕ್ಕೆ ಹೊರಟವನಿಗೆ ಇಂಥ ಅಡ್ಡಿಗಳು ಇದ್ದದ್ದೇ. ಊರಿನವರ ಕಿವಿ ತಿದ್ದಿಯೇ ಸಿದ್ಧ ಎಂದು ಪಣ ತೊಟ್ಟು, ಸ್ಪೀಕರನ್ನು ನಡುಮನೆಯ ಅಟ್ಟದ ಕೆಳಗೇ ಪ್ರತಿಷ್ಠಾಪಿಸಿದೆ. ಮೊದಲ ದಿನವೇ ಗೋಡೆಯ ನಾಗಂದಿಗೆಯ ಮೇಲಿದ್ದ ಲೋಟಗಳು ತಾವಾಗಿ ನಡೆಯತೊಡಗಿದವು. ಎಮ್ಮೆ ಸೊರ ಬಿಡದೆ ಹಾಲು ಕೊಡಲಿಲ್ಲ. ಪಕ್ಕದ ಮನೆಯ ಬೆಟ್ಟಸ್ವಾಮಿ ಬಂದು, "ಗೋಡೆ ಬೀಳೋವಾಗ ಒಂದು ಮಾತು ಹೇಳಪ್ಪ, ಎದ್ದು ಆಚೆಗೆ ಬತ್ತೀವಿ" ಎಂದು ಹೇಳಿ ಹೋದ.

ಆ ಅಟ್ಟದ ಮೇಲಿದ್ದುದು ಬರೀ ತೆಂಗಿನಕಾಯಲ್ಲ, ಗಿರಿಜೆಯ ಮಾನ! ತಂಗಿಯ ಮದುವೆಗೆ ಮಡಿಲು ತುಂಬುವ ಕೊಬ್ಬರಿಯಷ್ಟೂ ನಮ್ಮ ಮನೆಯದೇ ಎಂದು ತವರಿನಲ್ಲಿ ಎಲ್ಲರೆದುರು ಮಾತು ಕೊಟ್ಟುಬಂದಿದ್ದಳು. ಅದಕ್ಕೆಂದೇ ಹಿಂದಿನ ವರ್ಷದಿಂದ ಕಾಯಿ ಸಿಪ್ಪೆಸಮೇತ ಒಲೆಯ ಹೊಗೆ ಕುಡಿಯುತ್ತ ಮೇಲೆ ಮಲಗಿತ್ತು. ಒಳಗಿನ ನೀರು ಇಂಗಿತೋ ಇಲ್ಲವೋ ಎಂದು ಕಣ್ಣಿಗೆ ಕಾಣುವುದಿಲ್ಲ, ಕಿವಿಗೇ ಕೇಳಬೇಕು. ಅಲ್ಲಾಡಿಸಿದರೆ ಚಳಕ್ ಎಂದರೆ ನೀರಿದೆ. ಲೊಡ್ ಲೊಡ್ ಎಂದರೆ ಕೊಬ್ಬರಿ ಚಿಪ್ಪು ಬಿಟ್ಟಿದೆ, ಸುಲಿಯಬಹುದು. ಪ್ರತಿವರ್ಷ ಅದನ್ನು ಹೇಳುತ್ತಿದ್ದವಳು ನಮ್ಮಮ್ಮ ಹೊಂಬಾಳಮ್ಮ. ಆ ಸಲ ಅಮ್ಮ ದಬ್ಬೇಘಟ್ಟದಲ್ಲಿರುವ ನನ್ನಕ್ಕನ ಬಾಣಂತನಕ್ಕೆ ಹೋಗಿದ್ದಳು.

"ಅತ್ತೆ ಬರ್ಲಿ ಬುಡ್ರೀ, ಅಮ್ಯಾಕೆ ಸುಲಿಸಾನ" ಎಂದಳು ಗಿರಿಜೆ.

ನನ್ನ ಕಿವಿಗೇ ಅವಮಾನ! "ಏಣಿ ಹಾಕು!" ಎಂದೆ.

"ಮೊದ್ಲು ಆ ಬಡ್ಕೊಳೋ ಪೆಟ್ಟಿಗೆ ನಿಲ್ಸಿ ಹತ್ರೀ!"

"ನಿಲ್ಲಿಸಿದರೆ ಕಲೆಗೆ ಅಪಚಾರ!" ಎಂದು ಹತ್ತಿಯೇಬಿಟ್ಟೆ.

ಕೆಳಗೆ ಸ್ಪೀಕರಿನಲ್ಲಿ ಜರಿ ಕೋಟಿನವನು ಪೂರ್ತಿ ರಂಗೇರಿದ್ದ. ಒಂದು ಕಾಯಿ ಹಿಡಿದು ಅಲ್ಲಾಡಿಸಿದೆ. ಲೊಡ್ ಲೊಡ್! ಇನ್ನೊಂದು ತೆಗೆದೆ. ಲೊಡ್ ಲೊಡ್ ಡುಮ್! ಯಾವ ಮೂಲೆಯ ಕಾಯಿ ಎತ್ತಿದರೂ ಅದೇ ನಾದ, ಅದೂ ತಾಳ ತಪ್ಪದೆ! ನಮ್ಮ ಕಾಯಿಗಳ ಶಿಸ್ತಿಗೆ ನನ್ನ ಕಣ್ಣಲ್ಲಿ ನೀರೇ ಬಂತು. "ಎಲ್ಲಾ ಆಗಿದೆ! ಲಕ್ಕಯ್ಯನಿಗೆ ಹೇಳಿಕಳಿಸು!" ಎಂದು ಮೇಲಿನಿಂದಲೇ ಘೋಷಿಸಿದೆ.

ಕಾಯಿ ಸುಲಿಯುವ ಲಕ್ಕಯ್ಯ ಬಂದ. ಅಂಗಳದಲ್ಲಿ ಒಂದೊಂದನ್ನೂ ಕಿವಿಗೆ ಹಿಡಿದು ನೋಡಿಯೇ ಸುಲಿಯುವುದು ಅವನ ಕ್ರಮ. ನಾನು ಬಿಡಬೇಕಲ್ಲ! ಸ್ಪೀಕರನ್ನು ಬಾಗಿಲಿಗೆ ತಂದಿಟ್ಟು ಅವನ ಕಡೆಗೇ ತಿರುಗಿಸಿದೆ. ಲಕ್ಕಯ್ಯನ ಭುಜ ಕುಣಿಯಿತು, ಸೊಂಟ ಕುಣಿಯಿತು. "ಐ, ಇದೇನ್ ಸ್ವಾಮಿ, ಕೈ ತಾನೇ ಓಡ್ತೈತೆ!" ಎಂದವನು ಕಿವಿಗೆ ಹಿಡಿಯುವುದನ್ನೇ ಮರೆತ. ಮೂರು ದಿನದ ಕೆಲಸ ಮಧ್ಯಾಹ್ನದೊಳಗೆ ಮುಗಿಯಿತು! ಊರು ನಿಂತು ನೋಡಿತು. ನಾನು ಮೀಸೆ ತಿರುವಿದೆ.

ಆಗ ಕರೆಂಟು ಹೋಯಿತು.

ಜರಿ ಕೋಟಿನವನು ಉಸಿರುಗಟ್ಟಿದವನಂತೆ ನರಳಿ ಸುಮ್ಮನಾದ. ಆ ಮೌನದಲ್ಲಿ ಗಿರಿಜೆ ರಾಶಿಯಿಂದ ಒಂದು ಕಾಯಿ ತೆಗೆದು ಅಲ್ಲಾಡಿಸಿದಳು. ಚಳಕ್. ಇನ್ನೊಂದು ತೆಗೆದಳು. ಚಳಕ್. ಲಕ್ಕಯ್ಯ ಒಂದು ಕಾಯಿ ಒಡೆದ. ನೀರು ನನ್ನ ಮುಖಕ್ಕೇ ಹಾರಿತು.

ಅತ್ತ ಎಳನೀರಲ್ಲ, ಇತ್ತ ಕೊಬ್ಬರಿಯಲ್ಲ. ಸುಲಿದ ಕಾಯನ್ನು ಮತ್ತೆ ಅಟ್ಟಕ್ಕೆ ಹಾಕಿದರೆ ಬಿರಿದು ಕೆಡುತ್ತದೆಯೇ ಹೊರತು ಕೊಬ್ಬರಿಯಾಗುವುದಿಲ್ಲ.

"ನನ್ ತಂಗಿ ಮಡ್ಲಿಗೆ ಏನ್ರೀ ಹಾಕ್ಲಿ?" ಗಿರಿಜೆಯ ಕಣ್ಣು ತುಂಬಿತ್ತು. "ನಿಮ್ಮ ಚಕ್ರವರ್ತಿ ಬೂಟು ಹಾಕ್ಲಾ?"

ನನಗೆ ನಿಜವಾಗಿಯೂ ನಾಚಿಕೆಯಾಯಿತು. ಆದರೆ ಅವಳು ನನ್ನ ನಾಚಿಕೆಗೆ ಕಾಯುವವಳಲ್ಲ. ಕಣ್ಣೊರೆಸಿಕೊಂಡು ನೆಟ್ಟಗೆ ಬೆಟ್ಟಸ್ವಾಮಿಯ ಮನೆಗೆ ಹೋದಳು. ಬರುವಾಗ ಹಿಂದೆಯೇ ಅವನ ಮಗ ಮೂಟೆ ಕೊಬ್ಬರಿ ಹೊತ್ತು ತಂದ. ಹೋಗುವಾಗ ಅದರ ಬದಲಿಗೆ ಸ್ಪೀಕರು, ಪ್ಲೇಯರು, ಜರಿ ಕೋಟು ಸಮೇತ ಎಲ್.ಪಿ. ಕಟ್ಟು ಹೊತ್ತುಕೊಂಡು ಹೋದ. ಪಾಪ, ಬೆಟ್ಟಸ್ವಾಮಿ ಸದ್ದು ತಾಳಲಾರದೆ ಬೀಗ ಹಾಕಿಡಲು ತೆಗೆದುಕೊಂಡ ಎಂದುಕೊಂಡೆ. ಮರುದಿನ ಕರೆಂಟು ಬಂದದ್ದೇ ತಡ, ಅವನ ಅಂಗಳದಿಂದ ಡುಮ್ ಡುಮ್! ಲಕ್ಕಯ್ಯ ಅಲ್ಲಿ ಕುಣಿಕುಣಿದು ಸುಲಿಯುತ್ತಿದ್ದ.

"ಬೆಟ್ಟಸ್ವಾಮಿ ನಿನ್ನೆ ಕರೆಂಟ್ ಇಲ್ದಾಗ್ಲೇ ಒಂದೊಂದ್ ಕಾಯೂ ಅಲ್ಲಾಡ್ಸಿ ನೋಡವ್ನೆ ಕಣ್ರೀ" ಎಂದಳು ಗಿರಿಜೆ, ತಟ್ಟೆಗೆ ಕಾಯಿ ಚಟ್ನಿ ಬಡಿಸುತ್ತ. ಬೆಳಿಗ್ಗೆ ಚಟ್ನಿ, ಮಧ್ಯಾಹ್ನ ಕಾಯಿ ಸಾರು, ರಾತ್ರಿ ಕಾಯಿ ಹಾಲು. ನಮ್ಮ ಮನೆಯಲ್ಲಿ ಬೇರೆ ಅಡುಗೆಯೇ ನಿಂತುಹೋಗಿತ್ತು.

ವಾರ ಕಳೆದು ಅಮ್ಮ ಬಂದಳು. ಗಿರಿಜೆ ಒಂದೂ ಬಿಡದೆ ಒಪ್ಪಿಸಿದಳು. ಅಮ್ಮ ಬೈಯಲಿಲ್ಲ. "ಬಾ ಮಗ ಇಲ್ಲಿ" ಎಂದಳು. ಕರುಣೆಯಿಂದ ತಲೆ ಸವರುತ್ತಾಳೆಂದು ಹತ್ತಿರ ಹೋಗಿ ಕೂತೆ. ನನ್ನೆರಡು ಕಿವಿ ಹಿಡಿದು, ತಲೆಯನ್ನು ತನ್ನ ಕಿವಿಯ ಹತ್ತಿರಕ್ಕೆಳೆದು ಎರಡು ಸಲ ಅಲ್ಲಾಡಿಸಿದಳು.

"ಏನತ್ತೆ?" ಎಂದಳು ಗಿರಿಜೆ.

"ಲೊಡ್ ಲೊಡ್ ಅಂತೈತೆ ಕಣೇ! ಮನೇಲಿ ಇದೊಂದು ಮಾತ್ರ ಚೆನ್ನಾಗಿ ಒಣಗೈತೆ ನೋಡು!"